ನೋಯದ ಗಂಟು

ಸ್ತನ ತಪಾಸಣೆಯ ಕೋಣೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ಒಂದೇ: "ನೋವೇನೂ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ." ಕೇಳಿದಾಗೆಲ್ಲ ಸಂಕಟವಾಗುತ್ತದೆ. ಮುಟ್ಟಿಗೆ ಮುಂಚೆ ಎರಡೂ ಸ್ತನ ಭಾರವಾಗಿ ನೋಯುವುದು ಬಹುಪಾಲು ಹಾರ್ಮೋನಿನ ಏರಿಳಿತ. ಅದಕ್ಕೆ ಹೆದರಿ ಓಡಿ ಬರುವವರಿದ್ದಾರೆ. ಕ್ಯಾನ್ಸರ್ ಗಂಟು ಮಾತ್ರ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಅದನ್ನೇ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಓಡಾಡುತ್ತಾರೆ.

ದಿನ ಶುರುವಾಗುವುದು ಪ್ರಶ್ನೆಗಳಿಂದ. ಗಂಟು ಕೈಗೆ ಸಿಕ್ಕಿದ್ದು ಯಾವಾಗ, ಮುಟ್ಟಾದ ಮೇಲೆ ಕುಗ್ಗುತ್ತದೆಯೇ, ಮೊದಲ ಮುಟ್ಟು ಯಾವ ವಯಸ್ಸಿಗೆ, ಮೊದಲ ಹೆರಿಗೆ ಯಾವಾಗ, ಎಷ್ಟು ಕಾಲ ಹಾಲೂಡಿಸಿದಿರಿ, ಹಾರ್ಮೋನ್ ಮಾತ್ರೆ ತೆಗೆದುಕೊಂಡಿದ್ದೀರಾ, ಮದ್ಯಪಾನ ಇದೆಯೇ. 12 ವರ್ಷಕ್ಕೆ ಮುಂಚೆ ಮುಟ್ಟಾಗುವುದು, 55 ದಾಟಿದ ಮೇಲೆ ಮುಟ್ಟು ನಿಲ್ಲುವುದು, 30ರ ನಂತರ ಮೊದಲ ಹೆರಿಗೆ, ಮುಟ್ಟು ನಿಂತ ಮೇಲೆ ಏರುವ ಮೈತೂಕ, ಇವೆಲ್ಲ ಅಪಾಯವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತವೆ. ಕುಟುಂಬದ ವಿಷಯ ಬಂದಾಗ ಎಲ್ಲರೂ ತಾಯಿ, ಚಿಕ್ಕಮ್ಮನ ಕಡೆಯನ್ನಷ್ಟೇ ಹೇಳುತ್ತಾರೆ. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಂದೆಯಿಂದಲೂ ಬರುತ್ತದೆ, ಹಾಗಾಗಿ ಸೋದರತ್ತೆಯ ಕಾಯಿಲೆಯೂ ಲೆಕ್ಕಕ್ಕೆ ಬರಬೇಕು. ಆದರೆ ವಂಶದಿಂದ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ. "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಎಂದು ನಿಶ್ಚಿಂತರಾಗುವಂತಿಲ್ಲ.

ಆಮೇಲೆ ಕಣ್ಣಿನ ಕೆಲಸ. ಕುಳಿತು ಎರಡೂ ಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಎದೆಯ ಸ್ನಾಯು ಬಿಗಿಯುತ್ತದೆ. ಅಲ್ಲಿಯವರೆಗೆ ಕಾಣದಿದ್ದ ಸಣ್ಣ ಗುಳಿಯೊಂದು ಆಗ ಕಾಣಿಸಬಹುದು, ಒಳಗಿನ ಗಂಟು ಚರ್ಮವನ್ನು ಎಳೆದುಕೊಂಡಿರುತ್ತದೆ. ತೊಟ್ಟು ಹೊಸದಾಗಿ ಒಳಗೆ ಸೇರಿಕೊಂಡಿದ್ದರೆ, ಹಿಂಡದೆಯೇ ರಕ್ತ ಒಸರುತ್ತಿದ್ದರೆ, ಚರ್ಮ ದಪ್ಪಗಾಗಿ ಕಿತ್ತಳೆ ಸಿಪ್ಪೆಯ ಹಾಗೆ ರಂಧ್ರ ಎದ್ದಿದ್ದರೆ ಅಂದೇ ಮುಂದಿನ ಪರೀಕ್ಷೆ ಆಗಬೇಕು.

ಮುಟ್ಟಿ ನೋಡುವುದು ಮಲಗಿಕೊಂಡು, ಆ ಕಡೆಯ ಕೈ ತಲೆಯ ಕೆಳಗೆ. ನಡುವಿನ ಮೂರು ಬೆರಳಿನ ಮೆತ್ತನೆಯ ಭಾಗದಿಂದ ಪುಟ್ಟ ಪುಟ್ಟ ಸುತ್ತು ಹಾಕುತ್ತ, ಒಂದೊಂದು ಜಾಗದಲ್ಲೂ ಮೂರು ಸಲ ಒತ್ತಬೇಕು: ಚರ್ಮದಡಿಗೆ ಹಗುರವಾಗಿ, ನಡುವಿಗೆ ಮಧ್ಯಮವಾಗಿ, ಪಕ್ಕೆಲುಬು ತಾಗುವಷ್ಟು ಗಟ್ಟಿಯಾಗಿ. ಕೊರಳ ಮೂಳೆಯಿಂದ ಸ್ತನದ ಕೆಳಮಡಿಕೆಯವರೆಗೆ, ಎದೆಮೂಳೆಯಿಂದ ಕಂಕುಳಿನವರೆಗೆ ಸಾಲುಸಾಲಾಗಿ ಸಾಗಬೇಕು. ಮನೆಯಲ್ಲಿ ಮಾಡಿಕೊಳ್ಳುವವರು ತಪ್ಪುವುದು ಎರಡು ಕಡೆ. ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಹಿಡಿದರೆ ಸಹಜ ಗ್ರಂಥಿಯೇ ಗಂಟಿನಂತೆ ಸಿಕ್ಕು ಜೀವ ಹಾರುತ್ತದೆ. ತೊಟ್ಟಿನ ಸುತ್ತ ಮಾತ್ರ ನೋಡಿ ನಿಲ್ಲಿಸುವುದು ಇನ್ನೊಂದು. ಹೆಚ್ಚಿನ ಗಂಟುಗಳು ಹುಟ್ಟುವುದು ಕಂಕುಳ ಕಡೆಯ ಮೇಲ್ಭಾಗದಲ್ಲಿ. ಮುಟ್ಟು ಶುರುವಾಗಿ ಏಳರಿಂದ ಹತ್ತು ದಿನದ ಹೊತ್ತಿಗೆ ಸ್ತನ ಮೃದುವಾಗಿರುತ್ತದೆ, ಆಗ ನೋಡಿಕೊಳ್ಳುವುದು ಸುಲಭ.

ಹರೆಯದವರಲ್ಲಿ ಸಿಗುವ ಫೈಬ್ರೋಅಡಿನೋಮ ಬೆರಳಡಿ ಗೋಲಿಯಂತೆ ಜಾರುತ್ತದೆ, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಗಂಟು ಹೆಚ್ಚಾಗಿ ಕಲ್ಲಿನಂತೆ ಗಟ್ಟಿ, ಅಂಚು ಸಿಗುವುದಿಲ್ಲ, ಅಲುಗುವುದೂ ಕಡಿಮೆ. ಹಾಗೆಂದು ಬೆರಳನ್ನಷ್ಟೇ ನಂಬಿ ತೀರ್ಪು ಕೊಡುವುದು ತಪ್ಪು, ಎಷ್ಟೇ ಅನುಭವದ ಕೈಯಾದರೂ ಸರಿ.

ಮ್ಯಾಮೊಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇಗೆ, ಬರುವ ದಿನ ಪೌಡರ್, ಡಿಯೋಡರೆಂಟ್ ಹಾಕಬಾರದು. ಅದರ ಕಣಗಳು ಚಿತ್ರದಲ್ಲಿ, ಕ್ಯಾನ್ಸರಿನ ಸುಳಿವಾಗಬಲ್ಲ ಸುಣ್ಣದ ಚುಕ್ಕಿಗಳಂತೆ ಕಂಡು ಗೊಂದಲ ಹುಟ್ಟಿಸುತ್ತವೆ. ಎರಡು ಹಲಗೆಗಳ ನಡುವಿನ ಒತ್ತಡ ಕೆಲವೇ ಸೆಕೆಂಡು. ಒತ್ತಿದಷ್ಟೂ ಪದರಗಳು ಹರಡಿಕೊಳ್ಳುತ್ತವೆ, ಕಡಿಮೆ ಕಿರಣ ಸಾಕಾಗುತ್ತದೆ. ಈ ಚಿತ್ರದಲ್ಲಿ ಹರೆಯದ ಸ್ತನದ ದಟ್ಟ ಗ್ರಂಥಿಯೂ ಬಿಳಿ, ಗಂಟೂ ಬಿಳಿ, ಹಾಗಾಗಿ ಅವರಿಗೆ ಮೊದಲು ಅಲ್ಟ್ರಾಸೌಂಡ್. ಕೈಗೆ ಗಂಟು ಸಿಗುತ್ತಿದ್ದು ಮ್ಯಾಮೊಗ್ರಾಂ ಶುದ್ಧವಾಗಿ ಬಂದರೆ, ದಯವಿಟ್ಟು ಅಲ್ಲಿಗೇ ಬಿಡಬೇಡಿ. ವರದಿಯಲ್ಲಿ ಬೈರಾಡ್ಸ್ (ಅನುಮಾನದ ಮಟ್ಟ ಹೇಳುವ ಅಂಕ) 4 ಅಥವಾ 5 ಎಂದಿದ್ದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು. 3 ಎಂದಿದ್ದರೆ ಸಾಮಾನ್ಯವಾಗಿ ಆರು ತಿಂಗಳಿಗೆ ಮರುಪರೀಕ್ಷೆ, ಆ ತಾರೀಖು ಮರೆಯುವಂತಿಲ್ಲ.

ಬಯಾಪ್ಸಿಯಲ್ಲಿ ಉರಿಯುವುದು ಮರಗಟ್ಟಿಸುವ ಇಂಜೆಕ್ಷನ್ ಮಾತ್ರ, ಅದೂ ಕ್ಷಣಹೊತ್ತು. 14 ಗೇಜಿನ ಸೂಜಿ 'ಟಕ್' ಎಂದು ಸದ್ದು ಮಾಡುತ್ತದೆ. ಸದ್ದಿಗೆ ಬೆಚ್ಚದಿರಲೆಂದು ಮೊದಲೇ ಒಮ್ಮೆ ಕೇಳಿಸುವುದು ಒಳ್ಳೆಯದು. ಹೊರಬರುವುದು ದಾರದ ತುಂಡಿನಂಥ ಎಳೆ. ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಸೀಸೆಗೆ ಬಿಟ್ಟಾಗ ಅದು ಮುಳುಗಿದರೆ ಸಾಮಾನ್ಯವಾಗಿ ಗಂಟಿನ ಅಂಶ ಸಿಕ್ಕಿದೆ ಎಂದರ್ಥ. ತೇಲುತ್ತಿದ್ದರೆ ಬರಿಯ ಕೊಬ್ಬಿರಬಹುದು, ಇನ್ನೊಂದು ಎಳೆ ಬೇಕು. ಆಮೇಲೆ ಹತ್ತು ನಿಮಿಷ ಒತ್ತಿ ಹಿಡಿದರೆ ಒಳಗೆ ರಕ್ತ ಸೋರಿ ಊದಿಕೊಳ್ಳುವುದು ತಪ್ಪುತ್ತದೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಕಟ್ಟಿಹಾಕಿದಷ್ಟು ಜನರನ್ನು ಕಾಯಿಲೆಯೂ ಕಟ್ಟಿಹಾಕಿಲ್ಲವೇನೋ. ಆ ಭಯಕ್ಕೆ ಬುಡವಿಲ್ಲ.

ಒಂದೇ ತೊಟ್ಟಿನ ಮೇಲೆ ಇಸುಬಿನಂತೆ ಎದ್ದು, ಮುಲಾಮಿಗೆ ಮಾಯದ ಗಾಯವೂ ಈ ಕೋಣೆಗೇ ಬರಬೇಕು. ತೊಟ್ಟಿಗೆ ಬರುವ ಕ್ಯಾನ್ಸರ್ ಆದ ಪೇಜೆಟ್ ಕಾಯಿಲೆ ಹಾಗೇ ಕಾಣುತ್ತದೆ.

ಚರ್ಮದ ಕ್ಯಾನ್ಸರಿನದೂ ಇದೇ ಕಥೆ, ನೋವಿಲ್ಲವೆಂದೇ ತಡ. ಮಚ್ಚೆಯಲ್ಲಿ ಗಮನಿಸಬೇಕಾದ ಗುರುತುಗಳಿವು: ಎರಡು ಅರ್ಧ ಒಂದೇ ಥರ ಇಲ್ಲದಿರುವುದು, ಅಂಚು ಕದಡಿರುವುದು, ಬಣ್ಣ ಹಲವು, 6 ಮಿಲಿಮೀಟರಿಗಿಂತ ದೊಡ್ಡದು, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿರುವುದು. ಬಿಳಿ ಚರ್ಮದವರಿಗೆ ಬಿಸಿಲಿಗೆ ಚರ್ಮ ಸುಡುವುದು ದೊಡ್ಡ ಕಾರಣ. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ ಹುಟ್ಟುತ್ತದೆ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಯ ಕಾಯಿಲೆ ಶುರುವಾಗಿದ್ದು ಕಾಲ್ಬೆರಳಿನ ಉಗುರಿನಡಿ. ಉಗುರಿನ ಕಪ್ಪು ಗೆರೆ ಅಗಲವಾಗುತ್ತಿದ್ದರೆ, ಬುಡದ ಚರ್ಮಕ್ಕೂ ಕಪ್ಪು ಇಳಿದಿದ್ದರೆ ಪೆಟ್ಟಿನ ಗುರುತೆಂದು ಕೂರಬಾರದು. ಹಳೆಯ ಸುಟ್ಟ ಕಲೆಯ ಮೇಲೆ ಎದ್ದು ಮಾಯದ ಹುಣ್ಣನ್ನೂ ತೋರಿಸಬೇಕು.

ಅನುಮಾನದ ಮಚ್ಚೆಯನ್ನು ಸುಟ್ಟು ತೆಗೆಸಬೇಡಿ. ಮೆಲನೋಮದ ಮುಂದಿನ ಚಿಕಿತ್ಸೆ ನಿರ್ಧಾರವಾಗುವುದು ಅದು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ. ಸುಟ್ಟುಹೋದರೆ ಅಳೆಯಲು ಏನೂ ಉಳಿಯುವುದಿಲ್ಲ. ಇಡಿಯಾಗಿ ಕತ್ತರಿಸಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅನುಮಾನವಿಲ್ಲದ ಉಳಿದ ಮಚ್ಚೆಗಳಿಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು, ಪ್ರತಿ ಸಲ ಒಂದೇ ಬೆಳಕಿನಲ್ಲಿ, ತಾರೀಖು ಬರೆದು ಫೋಟೊ ತೆಗೆದಿಟ್ಟರೆ ಮುಂದಿನ ಸಲ ಹೋಲಿಸಿ ನೋಡಬಹುದು.