ಒಂದು ರೂಪಾಯಿ ನಾಣ್ಯದ ಟಂಕಸಾಲೆ ದೋಷಗಳು

1992ರಿಂದ 2004ರವರೆಗೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಟಂಕಿಸಲಾದ, 25 ಮಿ.ಮೀ. ವ್ಯಾಸದ, 4.85 ಗ್ರಾಂ ತೂಕದ ಒಂದು ರೂಪಾಯಿ ನಾಣ್ಯವು ಹಳೆಯ ಡಬ್ಬಿಗಳಲ್ಲಿ ಈಗಲೂ ಧಾರಾಳವಾಗಿ ಸಿಗುವುದರಿಂದ, ದೋಷಗಳನ್ನು ಗುರುತಿಸಲು ಕಲಿಯುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಅಚ್ಚು ಬಿರುಕು ಬಿಟ್ಟಿದ್ದರೆ ಲೋಹವು ಆ ಬಿರುಕಿನೊಳಗೆ ಹರಿದು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಉಗುರಿಗೆ ತಗ್ಗಾಗಿ ಸಿಕ್ಕುವ ಗೆರೆ ಬರಿಯ ಗೀರು.

ಅಂಚು ತುಂಡಾದ ನಾಣ್ಯ ಇನ್ನೂ ಸ್ವಾರಸ್ಯಕರ. ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸುವಾಗ ಪಂಚ್ ಮೊದಲೇ ಬಿದ್ದ ತೂತಿನ ಮೇಲೆ ಸ್ವಲ್ಪ ಹಾಯ್ದರೆ ಬಿಲ್ಲೆಯ ಒಂದು ಬದಿ ಒಳಬಾಗಿ ಕತ್ತರಿಸಿಹೋಗುತ್ತದೆ. ಅಂಥ ಬಿಲ್ಲೆ ಅಂಚು ಎಬ್ಬಿಸುವ ಯಂತ್ರಕ್ಕೆ ಹೋದಾಗ, ಕತ್ತರಿಸಿದ ಜಾಗಕ್ಕೆ ನೇರ ಎದುರಿನ ಭಾಗಕ್ಕೆ ಒತ್ತಡ ಸಾಲದೆ ಅಲ್ಲಿಯ ಅಂಚೂ ಮಸುಕಾಗಿ ಉಳಿಯುತ್ತದೆ. ಅರದಿಂದ ಉಜ್ಜಿ ಮಾಡಿದ ನಕಲಿಯಲ್ಲಿ ಎದುರು ಬದಿಯ ಅಂಚು ಎಂದಿನಂತೆ ಸ್ಪಷ್ಟವಾಗಿರುತ್ತದೆ.

ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದಾಗ ಎರಡೂ ಮುಖಗಳು ನೆಟ್ಟಗೆ ಕಾಣಬೇಕು. ಒಂದು ಓರೆಯಾಗಿದ್ದರೆ ಅಚ್ಚು ತಿರುಗಿದೆ ಎಂದರ್ಥ.

ಇಸವಿಯ ಕೆಳಗೆ ಟಂಕಸಾಲೆಯ ಗುರುತಿಲ್ಲದ ನಾಣ್ಯವನ್ನು ದೋಷವೆಂದು ಹೇಳಿ ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ. ಮುಂಬಯಿಯದು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ಚುಕ್ಕೆ. ಕೋಲ್ಕತ್ತದ ಟಂಕಸಾಲೆ ಗುರುತು ಹಾಕುವುದೇ ಇಲ್ಲ.