ಒಂದೇ ದಿನದ ರೇಡಿಯೇಷನ್

ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಹತ್ತಿರ ಬೆನ್ನುಮೂಳೆಗೆ ಹಬ್ಬಿದ ಮೇಲೆ ಮಲಗಿದರೂ ನೋವು, ಕೂತರೂ ನೋವು. ಮಾರ್ಫಿನ್ ಮಾತ್ರೆ ನಾಲ್ಕು ಗಂಟೆ ತಡೆಯುತ್ತಿತ್ತು, ಆಮೇಲೆ ಮತ್ತೆ ಶುರು. ಮೈಸೂರಿನ ಡಾಕ್ಟರು ರೇಡಿಯೇಷನ್ ಕೊಡೋಣ ಅಂದರು. ಕಾಯಿಲೆ ವಾಸಿ ಮಾಡೋಕಲ್ಲ, ನೋವು ಇಳಿಸೋಕೆ ಅಂತ ಬಿಡಿಸಿಯೇ ಹೇಳಿದರು. ಒಂದೇ ಸಲ, 8 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಅಳೆಯೋ ಲೆಕ್ಕ).

ಚಿಕ್ಕಪ್ಪ ರೇಗಿದರು. "ಬೇರೆಯವ್ರಿಗೆ ವಾರಗಟ್ಲೆ ಕರೆಂಟ್ ಕೊಡ್ತಾರೆ, ಅಣ್ಣಂಗೆ ಒಂದೇ ದಿನಾನಾ? ಕೈಬಿಟ್ಟವ್ರೆ ಬಿಡು." ನನಗೂ ಒಳಗೊಳಗೆ ಅದೇ ಅನುಮಾನ, ಡಾಕ್ಟರನ್ನೇ ಕೇಳಿಬಿಟ್ಟೆ. ಗಡ್ಡೆ ವಾಸಿ ಮಾಡಬೇಕಾದರೆ ವಾರಗಟ್ಟಲೆ ಬೇಕು. ಮೂಳೆ ನೋವಿಗೆ ಒಂದೇ ಸಲ ಕೊಟ್ಟರೂ ಹತ್ತು ದಿನ ಕೊಟ್ಟರೂ ನೋವು ಇಳಿಯೋದು ಹೆಚ್ಚುಕಮ್ಮಿ ಒಂದೇ, ಆದರೆ ಒಂದೇ ಸಲ ಕೊಟ್ಟವರಿಗೆ ಮುಂದೆ ಇನ್ನೊಮ್ಮೆ ಬೇಕಾಗೋದು ಸ್ವಲ್ಪ ಜಾಸ್ತಿ ಅಂದರು. ಪ್ರತಿ ಹಂಪ್‌ಗೂ ಹಲ್ಲು ಕಚ್ಚುವ ಅಪ್ಪನನ್ನು ದಿನಾ ಮಂಡ್ಯದಿಂದ ಕಾರಲ್ಲಿ ಕರೆದೊಯ್ಯೋದು ತಪ್ಪಿತಲ್ಲ, ನನಗೆ ಅಷ್ಟು ಸಾಕಿತ್ತು.

ಕಷ್ಟ ಕೊಟ್ಟಿದ್ದು ಮೆಷಿನ್ ಅಲ್ಲ, ಅದರ ಗಟ್ಟಿ ಹಲಗೆ. ಬೆನ್ನು ಮುಟ್ಟಿದರೆ ಕಿರುಚುವ ಮನುಷ್ಯ ಅಲ್ಲಾಡದೆ ಅಂಗಾತ ಮಲಗಬೇಕು. ಮೊದಲು ಸಿಟಿ ಸ್ಕ್ಯಾನ್, ಹೊಟ್ಟೆ ಮೇಲೆ ಗುರುತು, ಕಾಯೋದು, ಮತ್ತೆ ಅಂಥದ್ದೇ ಹಲಗೆ. ಮಾರ್ಫಿನ್ ಮುಂಚೆಯೇ ಕೊಟ್ಟಿರಿ ಅಂತ ನರ್ಸ್ ಹೇಳಿದ್ದು ಪುಣ್ಯ. ಮಂಡಿ ಕೆಳಗೊಂದು ದಿಂಬನ್ನೂ ಇಟ್ಟರು. ಕಾಲು ಗಂಟೆಯಲ್ಲಿ ಹೊರಗೆ ಬಂದ ಅಪ್ಪ, "ಏನೂ ಗೊತ್ತಾಗ್ನಿಲ್ಲ ಕಣವ್ವ, ಕರೆಂಟ್ ಇತ್ತೋ ಹೋಗಿತ್ತೋ" ಅಂದರು.

ಮಾರನೇ ದಿನ ನೋವು ಇನ್ನೂ ಜಾಸ್ತಿ. ಕೆಲವರಿಗೆ ಹೀಗೆ ಒಂದೆರಡು ದಿನ ಕೆರಳುತ್ತೆ ಅಂತ ಮೊದಲೇ ಹೇಳಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಔಷಧಿ ಕೊಟ್ಟಿದ್ದರು, ಇಲ್ಲದಿದ್ದರೆ ನಾವು ಹೆದರಿಯೇ ಸಾಯುತ್ತಿದ್ದೆವು. ಚಿಕ್ಕಪ್ಪನ ಫೋನ್ ಮಾತ್ರ ಎತ್ತಲಿಲ್ಲ. ಎರಡನೇ ವಾರ ಕಳೆಯುವಾಗ ಇಳಿಯತೊಡಗಿತು. ಪೂರ್ತಿ ಹೋಗಿಲ್ಲ, ಮಾತ್ರೆ ಕಡಿಮೆಯಾಗಿದೆ, ರಾತ್ರಿ ನಿದ್ದೆ ಬರುತ್ತೆ. ಇಷ್ಟೂ ಎಲ್ಲರಿಗೂ ಸಿಗಲ್ಲ, ಹತ್ತರಲ್ಲಿ ಸುಮಾರು ಆರು ಜನಕ್ಕೆ.

ಡಾಕ್ಟರು ಒತ್ತಿ ಹೇಳಿದ್ದು ಇನ್ನೊಂದು. ಕಾಲಿನ ಬಲ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಿಗ್ಗೆ ನೋಡೋಣ ಅನ್ನಬಾರದು. ಬೆನ್ನುಹುರಿ ಒತ್ತಿಕೊಂಡರೆ ಕಾಲೇ ಬಿದ್ದುಹೋಗಬಹುದು, ಆಗಿಂದಾಗಲೇ ಆಸ್ಪತ್ರೆಗೆ ಹೊರಡಬೇಕು. ಅದಕ್ಕೇ ಅಮ್ಮ ದಿನಾ ಮಲಗೋ ಮುಂಚೆ "ಎಲ್ಲಿ, ಕಾಲು ಆಡ್ಸಿ" ಅನ್ನುತ್ತಾರೆ, ಅಪ್ಪ ಬೇಕಂತಲೇ ಹೊದಿಕೆ ಒದ್ದು ತೋರಿಸುತ್ತಾರೆ.