ಕ್ಲಚ್ ಸುಟ್ಟ ಮೇಲೆ ಕೊಡಚಾದ್ರಿ: ಮುಂದೆ ಹೋಗಬೇಕಾ, ವಾಪಸ್ ಬರಬೇಕಾ?

ಸ್ವಂತ ಗಾಡಿಯಲ್ಲಿ ಕೊಡಚಾದ್ರಿಗೆ ಆಫ್‌ರೋಡ್ ಹೋಗೋಣ ಅಂತ ಪ್ಲಾನ್ ಹಾಕಿಕೊಂಡು ಕೂತಿರುವವರಿಗೆ ಇದು. ಬೆಟ್ಟ ಎಷ್ಟು ಚಂದ, ಸೂರ್ಯಾಸ್ತ ಹೇಗಿರುತ್ತೆ ಅನ್ನೋದೆಲ್ಲ ಬೇರೆ ಕಡೆ ಬೇಕಾದಷ್ಟು ಸಿಗುತ್ತೆ. ದಾರಿಯಲ್ಲೇ ಗಾಡಿ ಕೆಟ್ಟು, ತಂದ ದುಡ್ಡಿನಲ್ಲಿ ಅರ್ಧ ಗ್ಯಾರೇಜಿಗೆ ಹೋಗುವ ಹಾಗಾದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಬರೆಯೋದಿಲ್ಲ. ನಾವು ಹೊಸನಗರದಲ್ಲಿ ಕೂತು ಈ ಲೆಕ್ಕ ಹಾಕಿದೆವು, ಜಗಳಾನೂ ಆಡಿದೆವು.

ನಾಲ್ಕು ಜನ, ಭಾವನ ಹಳೇ ಮಾರುತಿ ಜಿಪ್ಸಿ (ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಹೋಗುವ ಫೋರ್ ವೀಲ್ ಗಾಡಿ). ತಲೆಗೆ 6,000 ಹಾಕಿ ಒಟ್ಟು 24,000 ರೂಪಾಯಿ ಒಬ್ಬನ ಕೈಗೆ ಕೊಟ್ಟಿದ್ದೆವು. ಬೆಟ್ಟದ ಬುಡದ ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿ ಹತ್ತೋದು, ಆಮೇಲೆ ಸಕಲೇಶಪುರಕ್ಕೆ ಹೋಗಿ ಬಿಸಿಲೆ ಕಡೆ ಸುತ್ತೋದು ಅಂತ ಯೋಜನೆ. ಹೊರಡುವ ಮುಂಚೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಪೂರ್ತಿ ಚೆಕ್ ಮಾಡಿಸಿದ್ದೆವು. ಬಿಲ್ಲಿನಲ್ಲಿ 'ಕ್ಲಚ್ ಓಕೆ' ಅಂತ ಬರೆದು ದುಡ್ಡು ತಗೊಂಡಿದ್ದರು. ಕಡೂರು, ತರೀಕೆರೆ, ಶಿವಮೊಗ್ಗ, ರಿಪ್ಪನ್‌ಪೇಟೆ ತನಕ ಏನೂ ತೊಂದರೆ ಇಲ್ಲ. ಹೊಸನಗರ ದಾಟಿ ಸಂಪೆಕಟ್ಟೆ ಕಡೆ ಹೋಗುವಾಗ ಒಂದು ಏರಿನಲ್ಲಿ ಆಕ್ಸಿಲೇಟರ್ ಒತ್ತಿದರೆ ಇಂಜಿನ್ ಮಾತ್ರ ಕಿರುಚುತ್ತೆ, ಗಾಡಿ ಮುಂದೆ ಹೋಗೋದಿಲ್ಲ. ಆಮೇಲೆ ಆ ವಾಸನೆ. ಕ್ಲಚ್ ಸುಟ್ಟ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಇನ್ಶೂರೆನ್ಸ್ ಜೊತೆಗೆ ಬೇರೆ ದುಡ್ಡು ಕೊಟ್ಟು ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಂಡಿದ್ದೆವು. ಫೋನ್ ಮಾಡಿದರೆ ಆ ಕಡೆಯ ಹುಡುಗಿ ಪಿನ್‌ಕೋಡ್ ಕೇಳಿದಳು. ಹತ್ತಿರ ಯಾವುದಾದರೂ ಪೆಟ್ರೋಲ್ ಬಂಕ್, ಟ್ರಾಫಿಕ್ ಸಿಗ್ನಲ್ ಇದೆಯಾ ಅಂದಳು. ಸಿಗ್ನಲ್ಲು! ಅಲ್ಲಿದ್ದದ್ದು ಒಂದು ಅಡಿಕೆ ತೋಟ, ಒಂದು ಮೋರಿ. ಫೋನಿನ ನೆಟ್‌ವರ್ಕ್ ಕೂಡ ತಿರುವಿನ ಆ ಕಡೆಗೆ ನಡೆದು ಹೋದರೆ ಮಾತ್ರ. ಕೊನೆಗೆ ಶಿವಮೊಗ್ಗದಿಂದ ಗಾಡಿ ಬರುತ್ತೆ, ನಾಲ್ಕು ಗಂಟೆ ಆಗುತ್ತೆ, ಫ್ರೀ ಕಿಲೋಮೀಟರ್ ಮುಗಿದ ಮೇಲಿನದ್ದಕ್ಕೆ ನೀವೇ ಕೊಡಬೇಕು ಅಂದರು. ಇನ್ನೊಬ್ಬ ಟೋಯಿಂಗ್‌ನವನು ನೇರವಾಗಿ 9,000 ಹೇಳಿದ. ಆ ಹೊತ್ತಿಗೆ ಅಡಿಕೆ ಮೂಟೆ ಇಳಿಸಿ ಬರುತ್ತಿದ್ದ ಪಿಕಪ್‌ನವರು ನಿಲ್ಲಿಸಿ, ಹಗ್ಗ ಕಟ್ಟಿ, 1,200 ರೂಪಾಯಿಗೆ ಹೊಸನಗರಕ್ಕೆ ಎಳೆದು ತಂದು ಬಿಟ್ಟರು. ಹೀಗೆ ಎಳೆಸುವುದಾದರೆ ಜಿಪ್ಸಿಯಲ್ಲಿ ಗೇರ್ ಜೊತೆಗೆ ಫೋರ್ ವೀಲ್‌ನ ಸಣ್ಣ ಲಿವರನ್ನೂ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಚಕ್ರದ ಹಬ್ (ಚಕ್ರದ ನಡುವಿನ ಲಾಕ್) ಎರಡನ್ನೂ ಫ್ರೀ ಮಾಡಿ. ಎಳೆಯುವವರಿಗೆ ಇದು ಗೊತ್ತಿರಬೇಕಂತ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕ್ಲಚ್ ಸವೆದು ಹೋದದ್ದಕ್ಕೆ ಇನ್ಶೂರೆನ್ಸ್‌ನಿಂದ ಒಂದು ಪೈಸೆ ಬರೋದಿಲ್ಲ. ಅಪಘಾತ ಬೇರೆ, ಸವೆತ ಬೇರೆ. ಅದನ್ನು ನಂಬಿಕೊಂಡು ಬಜೆಟ್ ಹಾಕಬೇಡಿ.

ಹೊಸನಗರದ ಮೆಕ್ಯಾನಿಕ್ ವಯಸ್ಸಾದವರು. ಒಂದು ಸುತ್ತು ಓಡಿಸಿ ನೋಡಿ, "ಪ್ಲೇಟ್ ಪೂರಾ ಹೋಗಿದೆ ಮಾರಾಯ್ರೇ" ಅಂದರು. ಜಿಪ್ಸಿ ತಯಾರಿಕೆ ನಿಂತು ವರ್ಷಗಳಾದವು, ಸಣ್ಣ ಊರಲ್ಲಿ ಸಾಮಾನು ಎಲ್ಲಿಂದ ಬರಬೇಕು ಅಂತ ನಮಗೆ ಚಿಂತೆ. ಅವರು ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿದರು, ಅಂಗಡಿಯವರು ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಗೋಣಿಚೀಲದಲ್ಲಿ ಸುತ್ತಿ ಹೊಸನಗರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು, ಮಾರನೇ ದಿನ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರಿಗೆ 100 ರೂಪಾಯಿ ಕೊಟ್ಟು ಇಳಿಸಿಕೊಂಡೆ, ಅಷ್ಟೇ. ಯಾವ ಕೊರಿಯರ್ ಕಂಪನಿಗೂ ಈ ಸ್ಪೀಡ್ ಇಲ್ಲ. ಹಳೇ ಪ್ಲೇಟ್ ಬಿಚ್ಚಿದಾಗ ಕರೆಸಿ ತೋರಿಸಿದರು. ಬೆರಳಿನಿಂದ ಮುಟ್ಟಿದರೆ ರಿವಿಟ್ ತಲೆ ತಾಗುತ್ತಿತ್ತು, ಅದರ ಸುತ್ತ ಇರಬೇಕಾದ ಲೈನಿಂಗ್ ಎಲ್ಲ ಪುಡಿಯಾಗಿತ್ತು. ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ನಿನ ಚಕ್ರ) ಮೇಲೆ ನೀಲಿ ಬಣ್ಣದ ಕಲೆಗಳು, ಅಷ್ಟು ಕಾದಿತ್ತು. 'ಕ್ಲಚ್ ಓಕೆ' ಬಿಲ್ಲು ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇತ್ತು.

ಆ ಮೂರು ಸಾಮಾನಿನ ಸೆಟ್ 6,400, ಕೂಲಿ 3,500. ಫ್ಲೈವೀಲನ್ನು ಲೇತ್‌ನಲ್ಲಿ ಸಾಫ್ ಮಾಡಿಸಿದ್ದಕ್ಕೆ 500, ಆಯಿಲ್ಲು ಅದೂ ಇದೂ 600. ಹಗ್ಗದವರದ್ದು, ಕಂಡಕ್ಟರದ್ದು ಸೇರಿದರೆ 12,300. ಕೂಲಿ ಜಾಸ್ತಿ ಅನ್ನಿಸಿದರೆ ಗೇರ್‌ಬಾಕ್ಸ್ ಇಳಿಸುವುದನ್ನು ಒಂದು ಸಲ ನಿಂತು ನೋಡಿ, ಆಮೇಲೆ ಚೌಕಾಸಿ ಮಾಡೋಕೆ ಬಾಯಿ ಬರೋದಿಲ್ಲ.

ಈಗ ಜಗಳ. ನಮ್ಮಲ್ಲೊಬ್ಬ, "ಅರ್ಧ ದುಡ್ಡು ಹೋಯ್ತು, ಇನ್ನೇನು ಟ್ರಿಪ್ಪು, ನಡೀರಿ ಮನೆಗೆ" ಅಂದ. ಭಾವನಿಗೆ ಮುಖ ಸಣ್ಣದಾಗಿತ್ತು. ನಾನು ಹೇಳಿದ್ದು ಇಷ್ಟೇ, ಇದು ಒಂದು ಲೆಕ್ಕ ಅಲ್ಲ, ಎರಡು. ಕ್ಲಚ್ ಹೋಗಿದ್ದು ಕೊಡಚಾದ್ರಿಯಿಂದ ಅಲ್ಲ. ಇಲ್ಲಿ ಹೋಗದಿದ್ದರೆ ಮುಂದಿನ ತಿಂಗಳು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹೋಗುತ್ತಿತ್ತು. ಮನೆಗೆ ವಾಪಸ್ ಹೋದರೂ ಆ ದುಡ್ಡು ಉಳಿಯೋದಿಲ್ಲ, ಟ್ರಿಪ್ ಮಾತ್ರ ಕೈಬಿಟ್ಟ ಹಾಗಾಗುತ್ತೆ.

"ಸೆಟ್ಟು, ಕೂಲಿ ನನ್ನದು ಮಾರಾಯ, ಗಾಡಿ ನನ್ನದಲ್ವಾ" ಅಂದರು ಭಾವ. ಮಿಕ್ಕ 2,400 ಒಟ್ಟು ದುಡ್ಡಿನಿಂದ. ಸ್ನೇಹಿತರ ಗಾಡಿಯಲ್ಲಿ ಹೋಗುವವರು ಈ ಮಾತನ್ನು ಹೊರಡುವ ಮುಂಚೆಯೇ ಆಡಿಕೊಳ್ಳಿ. ಸವೆಯುವ ಸಾಮಾನು ಗಾಡಿಯವರದ್ದು, ಎಳೆಸಿದ್ದು, ಪಂಕ್ಚರು, ಕಲ್ಲಿಗೆ ತಾಗಿ ಮುರಿದಿದ್ದು ಎಲ್ಲರದ್ದು. ನಡುರಸ್ತೆಯಲ್ಲಿ ಈ ಮಾತು ತೆಗೆದರೆ ಸ್ನೇಹ ಕೆಡುತ್ತೆ.

ಬರುವ ಪೆಟ್ರೋಲ್ 3,800 ಆಗಿತ್ತು, ಲಾಡ್ಜು ಊಟ 1,500. ಉಳಿದಿದ್ದು 16,300. ಅದರಲ್ಲಿ ವಾಪಸ್ ಹೋಗುವ ಪೆಟ್ರೋಲಿಗೆ 4,000, ಗಾಡಿ ಮತ್ತೆ ಕೈಕೊಟ್ಟರೆ ಅಂತ 3,000 ತೆಗೆದು ಬೇರೆ ಕವರಿಗೆ ಹಾಕಿದೆವು. ಈ ಕವರ್ ಮುಟ್ಟದೆ ಮುಂದೆ ಹೋಗೋಕಾಗುತ್ತಾ ಅನ್ನೋದೇ ಪ್ರಶ್ನೆ. ಕೈಯಲ್ಲಿ 9,300 ಇತ್ತು. ಆಗುತ್ತೆ. ಆದರೆ ಸಕಲೇಶಪುರ ಬಿಟ್ಟೆವು, ಜಿಪ್ಸಿಯನ್ನು ಬೆಟ್ಟ ಹತ್ತಿಸುವುದನ್ನೂ ಬಿಟ್ಟೆವು.

ಎರಡನೆಯದ್ದಕ್ಕೆ ಕಾರಣ ದುಡ್ಡಲ್ಲ. ಮೆಕ್ಯಾನಿಕ್ ಕೀ ಕೊಡುವಾಗ ಹೇಳಿದ್ದರು, "ಹೊಸ ಪ್ಲೇಟ್ ಇನ್ನೂ ಕೂತಿಲ್ಲ. ಒಂದು 500 ಕಿಲೋಮೀಟರ್ ಸುಮ್ನೆ ರೋಡಲ್ಲಿ ಓಡ್ಸಿ. ನಾಳೆನೇ ಗುಡ್ಡಕ್ಕೆ ಹತ್ತಿಸಿದ್ರೆ ಮತ್ತೆ ನನ್ನ ಹತ್ರಾನೇ ಬರ್ತೀರಿ." ಕಲ್ಲಿನ ಏರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಗಾಡಿ ಆಡಿಸಬೇಕಾಗುತ್ತೆ, ಹೊಸ ಪ್ಲೇಟ್ ಆ ಬಿಸಿ ತಡೆಯೋದಿಲ್ಲ. ರಿಪೇರಿ ಆಯ್ತಲ್ಲ, ಇನ್ನೇನು ಅಂತ ಮಾರನೇ ದಿನವೇ ಆಫ್‌ರೋಡಿಗೆ ಇಳಿಸುವವರಿಗೆ ಇದು ಗೊತ್ತಿರಲಿ.

ಊಟದ ಬಗ್ಗೆ ಹೇಳಲೇಬೇಕು. ಗ್ಯಾರೇಜಿನ ಎದುರಿಗೆ ಬೋರ್ಡು ಇಲ್ಲದ ಒಂದು ಹೋಟೆಲ್, ಅದು ಮನೆಯ ಜಗಲಿಯೇ. ನಾಲ್ಕು ಬೆಂಚು. ಬೆಳಿಗ್ಗೆ ಅಕ್ಕಿ ರೊಟ್ಟಿ, ಅದು ಹೋಳಿಗೆಯಷ್ಟು ತೆಳ್ಳಗೆ, ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಒಂದು ಚಮಚ ಬೆಣ್ಣೆ. ಮಧ್ಯಾಹ್ನ 70 ರೂಪಾಯಿಗೆ ಊಟ. ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ, ಸಾರು, ಮಜ್ಜಿಗೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಭರಣಿಯಿಂದ ತೆಗೆದು ಬಡಿಸುವಾಗ ಇಡೀ ಜಗಲಿಗೆ ಪರಿಮಳ. ಬಡಿಸುವ ಅಮ್ಮ "ಇನ್ನೊಂಚೂರು ಅನ್ನ ಹಾಕ್ಲಾ?" ಅಂತ ಕೇಳುತ್ತಾರೆ, ಉತ್ತರಕ್ಕೆ ಕಾಯೋದಿಲ್ಲ. ಮೂರನೇ ಸಲ ತಂಬುಳಿ ಹಾಕಿಸಿಕೊಂಡಾಗ, "ಗಾಡಿ ಕೆಟ್ಟಿದ್ದು ಒಳ್ಳೇದೇ ಆಯ್ತು ನಿಮಗೆ" ಅಂತ ನಕ್ಕರು. ಸಂಜೆ ಕಷಾಯ 10 ರೂಪಾಯಿ. ಶಿವಮೊಗ್ಗದಿಂದ ಈ ಕಡೆ ನಾವು ತಿಂದ ಬೇರೆ ಯಾವ ಊಟವೂ ಇದರ ಹತ್ತಿರ ಬರಲಿಲ್ಲ. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಅನ್ನ ಖಾಲಿ.

ಕೊಲ್ಲೂರಿನ ರೂಮ್ ಇದಕ್ಕೆ ತದ್ವಿರುದ್ಧ. ಬೆಟ್ಟಕ್ಕೆ ಅಲ್ಲಿಂದ ಬಾಡಿಗೆ ಜೀಪು ಹಿಡಿಯೋಣ ಅಂತ ಶನಿವಾರ ಸಂಜೆ ತಲುಪಿದೆವು. ಮೂಕಾಂಬಿಕೆಗೆ ಕೇರಳದ ಭಕ್ತರು ಜಾಸ್ತಿ, ವಾರದ ಕೊನೆಗೆ ಊರಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಏಸಿ ಇಲ್ಲದ ರೂಮಿಗೆ 3,500 ಹೇಳಿ, ದೊಡ್ಡ ಉಪಕಾರ ಮಾಡುವವರ ಹಾಗೆ 2,800ಕ್ಕೆ ಕೊಟ್ಟರು. ಗೋಡೆ ಒದ್ದೆ, ಬಕೆಟ್ ಇದೆ ಚೊಂಬಿಲ್ಲ, ಬಿಸಿನೀರು ಬೆಳಿಗ್ಗೆ ಏಳರ ತನಕ ಮಾತ್ರ. ಮೇಲಿನ ಮಹಡಿಯಲ್ಲಿ ರಾತ್ರಿ ಒಂದರ ತನಕ ಮಂಚ ಎಳೆದಾಡುತ್ತಿದ್ದರು. ಹೊಸನಗರದ ಲಾಡ್ಜು 900 ರೂಪಾಯಿ, ಒಣಗಿದ ಟವೆಲ್ಲಾದರೂ ಕೊಟ್ಟಿದ್ದರು. ನನಗೆ ಜನಜಂಗುಳಿ ಆಗೋದಿಲ್ಲ, ಅದಕ್ಕೇ ಇಷ್ಟು ಸಿಟ್ಟು ಅಂತ ಬೇಕಾದರೆ ಅಂದುಕೊಳ್ಳಿ. ಆದರೂ ದೇವರ ದರ್ಶನ ಬೇಕೇಬೇಕು ಅಂತ ಇಲ್ಲದಿದ್ದರೆ ಹೊಸನಗರ ಬದಿಯ ನಿಟ್ಟೂರು ಕಡೆಯೇ ಉಳಿದುಕೊಳ್ಳಿ, ಅಲ್ಲಿಂದಲೂ ಜೀಪ್ ಸಿಗುತ್ತೆ. ಕೊಲ್ಲೂರಿಗೇ ಹೋಗುವುದಾದರೆ ದೇವಸ್ಥಾನದಲ್ಲಿ ಮಧ್ಯಾಹ್ನದ ಪ್ರಸಾದದ ಊಟ ಇದೆ, ಒಂದು ಹೊತ್ತಿನ ಖರ್ಚು ಉಳಿಯುತ್ತೆ.

ಜೀಪಿನವರು ಎಂಟು ಜನ ತುಂಬಿಸಿಕೊಂಡೇ ಹೊರಡುತ್ತಾರೆ. ಕಣ್ಣೂರಿನಿಂದ ಬಂದಿದ್ದ ನಾಲ್ವರು ಸಿಕ್ಕರು. ತಲೆಗೆ 550 ಬಿತ್ತು, ಗೇಟಿನಲ್ಲಿ ಅರಣ್ಯ ಇಲಾಖೆಯ ಶುಲ್ಕ ಬೇರೆ. ಕೊಲ್ಲೂರಿನಿಂದ ನಾಗೋಡಿ ಮೇಲೆ ಸುತ್ತಿಕೊಂಡು ಸುಮಾರು 40 ಕಿಲೋಮೀಟರ್ ಆಗುತ್ತೆ, ಅದರಲ್ಲಿ ಹೆಚ್ಚಿನದ್ದು ಡಾಂಬರು. ಕಟ್ಟಿನಹೊಳೆ ಆದಮೇಲಿನದ್ದೇ ನಿಜವಾದ ಆಫ್‌ರೋಡ್. ಕೆಂಪು ಮಣ್ಣಿನ ಕೊರಕಲು, ತಲೆಗಾತ್ರದ ಕಲ್ಲುಗಳು, ಒಂದೊಂದು ತಿರುವಿನಲ್ಲಿ ರಿವರ್ಸ್ ತಗೊಂಡು ಮತ್ತೆ ಏರಿಸಬೇಕು. ಭಾವ ಮುಂದಿನ ಸೀಟಿನಲ್ಲಿ ಕೂತು ಡ್ರೈವರನ ಎಡಗಾಲನ್ನೇ ನೋಡುತ್ತಿದ್ದರು. ಆ ಹುಡುಗ ಕ್ಲಚ್ ಮೇಲೆ ಕಾಲಿಡುತ್ತಲೇ ಇರಲಿಲ್ಲ. ಲೋ ಗೇರ್ ಹಾಕಿ ಇಂಜಿನ್ ಪಾಡಿಗೆ ತೆವಳೋಕೆ ಬಿಟ್ಟಿದ್ದ. ಅಷ್ಟಾದರೂ ವರ್ಷಕ್ಕೆ ಎರಡು ಸಲ ಪ್ಲೇಟ್ ಹಾಕಿಸ್ತೀನಿ ಅಂದ. ಅದನ್ನು ಕೇಳಿದ ಮೇಲೆ ಜಿಪ್ಸಿ ತರಲಿಲ್ಲ ಅನ್ನೋ ಬೇಸರ ಯಾರಿಗೂ ಉಳಿಯಲಿಲ್ಲ. ಸೊಂಟ ನೋವು ಇರುವವರು ಮಾತ್ರ ಹಿಂದಿನ ಸೀಟಿನಲ್ಲಿ ಕೂರಬೇಡಿ.

ಜೀಪು ನಿಲ್ಲುವ ಜಾಗದಿಂದ ಬೆಟ್ಟದ ತುದಿಯ ಸರ್ವಜ್ಞ ಪೀಠಕ್ಕೆ (ಕಲ್ಲಿನ ಸಣ್ಣ ಗುಡಿ) ನಡೆಯಬೇಕು. ಬೆಟ್ಟದ ಎತ್ತರ 1,343 ಮೀಟರ್, ಕೊನೆಯ ಏರು ಏದುಸಿರು ತರಿಸುತ್ತೆ. ಡ್ರೈವರ್ ಇಂತಿಷ್ಟು ಹೊತ್ತು ಅಂತ ಟೈಮ್ ಕೊಡುತ್ತಾನೆ, ಮೀರಿದರೆ ವೇಟಿಂಗ್ ಅಂತ ಜಾಸ್ತಿ ಕೇಳುತ್ತಾನೆ. ಅದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ನಾವು ಬೆಳಿಗ್ಗೆ ಮೊದಲ ಜೀಪಿನಲ್ಲಿ ಹೋದದ್ದಕ್ಕೆ ಪೀಠದ ಹತ್ತಿರ ಹತ್ತು ಹನ್ನೆರಡು ಜನ ಇದ್ದರು ಅಷ್ಟೇ. ಇಳಿಯುವಾಗ ಎದುರಿಗೆ ಜೀಪುಗಳ ಸಾಲು ನೋಡಿದರೆ ಸಂಜೆಯ ಸೂರ್ಯಾಸ್ತದ ಕಥೆ ಏನು ಅಂತ ಊಹೆ ಮಾಡಬಹುದು.

ಸ್ವಂತ ಫೋರ್ ವೀಲ್ ಗಾಡಿಯಲ್ಲೇ ಹತ್ತಬೇಕು ಅನ್ನುವವರು ಖಾಸಗಿ ಗಾಡಿ ಬಿಡುತ್ತಾರಾ ಅಂತ ಹೋಗುವ ವಾರವೇ ವಿಚಾರಿಸಿ, ಇದು ಮೂಕಾಂಬಿಕಾ ವನ್ಯಜೀವಿಧಾಮದ ಜಾಗ. ಮಳೆಗಾಲದಲ್ಲಿ ಆ ದಾರಿಯ ಯೋಚನೆಯೇ ಬೇಡ. ಇನ್ನು ಬೆಂಗಳೂರಿನಿಂದ ಹೊರಡುವುದನ್ನು ಆದಷ್ಟು ವಾರದ ಮಧ್ಯಕ್ಕೆ ಇಟ್ಟುಕೊಳ್ಳಿ. ರೂಮಿನ ದುಡ್ಡು ಉಳಿಯುತ್ತೆ ಅನ್ನೋದು ಒಂದು. ನಮ್ಮ ಗಾಡಿ ಕೆಟ್ಟದ್ದು ಗುರುವಾರ, ಶುಕ್ರವಾರ ಸಂಜೆಗೆ ಕೈಗೆ ಬಂತು. ಅದೇ ಶನಿವಾರ ಸಂಜೆ ಕೆಟ್ಟಿದ್ದರೆ ಭಾನುವಾರ ಸಾಮಾನಿನ ಅಂಗಡಿಗೆ ಬಾಗಿಲು, ಸೋಮವಾರದ ಬಸ್ಸು ಬರುವ ತನಕ ಜಗಲಿಯಲ್ಲಿ ಕೂತು ಕಷಾಯ ಕುಡಿಯಬೇಕಾಗಿತ್ತು.